ಪುರದವರು ಕೇಳಿದ್ದು ನೀರು

ವಿಜ್ಞಾನಿಗಳೂ ಹಳ್ಳಿಯವರೂ ಕೂಡಿ ಸಂಶೋಧನೆ ಮಾಡುವುದೆಂದರೇನು? ನಾನು ವಿಜ್ಞಾನಿಯಲ್ಲ, ವರದಿಗಾರ. ಆದ್ದರಿಂದ ಒಂದು ಊರಿನ ಕಥೆಯನ್ನೇ ಹೇಳುತ್ತೇನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಹಿರಿಯರು ಹೇಳುವ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಘಟಕ ಹುಟ್ಟಿತು. ಗ್ರಾಮೀಣ ತಂತ್ರಜ್ಞಾನ ಅದರ ಕೆಲಸ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ. ಸುತ್ತಲಿನ ಆರು ಹಳ್ಳಿಗಳನ್ನು ಸಮೀಕ್ಷೆ ಮಾಡಿದಾಗ, ಬಳಕೆಯಾಗುವ ಶಕ್ತಿಯಲ್ಲಿ ಸಿಂಹಪಾಲು ಅಡುಗೆ ಒಲೆಯ ಸೌದೆಯದೆಂದು ತಿಳಿಯಿತು. ಹಾಗಾದರೆ ಗೋಬರ್ ಅನಿಲ ಕೊಟ್ಟರಾಯಿತು! ಲೆಕ್ಕವೇನೋ ಸರಿಯಾಗಿಯೇ ಇತ್ತು.

ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಸೇರಿ ಸ್ಥಾವರ ಕಟ್ಟಿದರು. ಆದರೆ ಸಿಕ್ಕ ಸಗಣಿಯ ಅನಿಲ ಎರಡು ಹೊತ್ತಿನ ಅಡುಗೆಗೆ ಸಾಲಲಿಲ್ಲ. ಸೌದೆಯನ್ನು ಹೇಗೂ ತರಲೇಬೇಕೆಂದ ಮೇಲೆ ಸಗಣಿಯನ್ನು ಯಾರು ಹೊತ್ತು ತಂದಾರು? ಜನರ ಉತ್ಸಾಹ ಇಳಿಯಿತು. ವಿಜ್ಞಾನಿಗಳು ಮತ್ತೆ ಊರಿನವರ ಜತೆ ಕೂತು ಕೇಳಿದರು. ಬೇಕಾಗಿದ್ದುದು ಕುಡಿಯುವ ನೀರು. ಮೊದಲೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ನನಗೂ ಹಾಗೇ ಅನ್ನಿಸಿತು.

1987ರಿಂದ ಅದೇ ಅನಿಲ, ಸ್ವಲ್ಪ ಡೀಸೆಲ್ ಜತೆ ಸೇರಿ, ವಿದ್ಯುತ್ ಎಂಜಿನ್ ಓಡಿಸತೊಡಗಿತು. ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ದೀಪ ಹತ್ತಿತು. ಸ್ಥಾವರ ನಡೆಸಿದವರು ಊರಿನ ಹುಡುಗರೇ. ಮೇಲ್ವಿಚಾರಣೆ ಗ್ರಾಮ ಸಮಿತಿಯದು. ಸಗಣಿ ತಂದವರಿಗೆ ಕಿಲೋಗೆ 2 ಪೈಸೆ. ಅನಿಲ ತೆಗೆದ ಮೇಲೆ ಉಳಿದ ಬಗ್ಗಡ ಹೊಲದ ಗೊಬ್ಬರಕ್ಕೆಂದು ಅವರಿಗೇ ವಾಪಸು. ಬುಟ್ಟಿ ತೂಗಿಸಿ, ಬಗ್ಗಡ ಹೊತ್ತು ಮನೆಗೆ ಮರಳುತ್ತಿದ್ದವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು.