ಸರಾಸರಿಯನ್ನು ಎಷ್ಟು ನಂಬಬೇಕು?



ಪಗಾರದ ಚೀಟಿಯಲ್ಲಿ ತುಟ್ಟಿಭತ್ಯೆಯೆಂಬ ಒಂದು ಸಾಲಿರುತ್ತದೆ. ಅದರ ಹಿಂದೆ ಒಂದು ಸೂಚ್ಯಂಕ; ಸೂಚ್ಯಂಕದ ಹಿಂದೆ ಅಂಗಡಿಗಳಲ್ಲಿ ಬರೆದುಕೊಂಡ ಅಕ್ಕಿ, ಬೇಳೆ, ಎಣ್ಣೆಗಳ ಧಾರಣೆ ಮತ್ತು ಆಯ್ದ ಕೆಲವು ಮನೆಗಳ ಖರ್ಚಿನ ಲೆಕ್ಕ. ಅಂಕಿ ತಪ್ಪಿದರೆ ತಟ್ಟೆಯ ಅನ್ನಕ್ಕೇ ಕೊರತೆ.

ಇದು ನಮ್ಮ ಮುಂಬಯಿಯೇ ಕಂಡ ಸಂಗತಿ. ಸೂಚ್ಯಂಕವು ನಿಜವಾದ ತುಟ್ಟಿಯನ್ನು ತೋರಿಸುತ್ತಿಲ್ಲವೆಂದು ೧೯೬೩ರಲ್ಲಿ ಇಲ್ಲಿಯ ಕಾರ್ಮಿಕರು ಬೀದಿಗಿಳಿದರು. ಆಗಸ್ಟಿನಲ್ಲಿ ಬಂದ್ ಆಯಿತು. ಮಹಾರಾಷ್ಟ್ರ ಸರಕಾರವು ಪ್ರೊ. ಡಿ. ಟಿ. ಲಕ್ಡಾವಾಲಾ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಅಂಕಿಯನ್ನು ಮೇಲಕ್ಕೆ ತಿದ್ದಬೇಕೆಂದು ಸಮಿತಿಯೂ ಹೇಳಿತು.

ಹಾಗಾದರೆ ಸರಾಸರಿಯನ್ನು ಎಷ್ಟು ನಂಬಬೇಕು? ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು. ಆದರೆ ಪರೇಲಿನ ಮನೆಯೂ ಪಾರ್ಲೆಯ ಮನೆಯೂ ಒಂದೇ ಪಾತ್ರೆಯ ಅಗುಳುಗಳಲ್ಲ. ಬೇರೆ ನೂರು ಮನೆಗಳನ್ನು ಕೇಳಿದ್ದರೆ ಬೇರೆಯೇ ಅಂಕಿ ಬರುತ್ತಿತ್ತು. ಎಷ್ಟು ಬೇರೆ? ಅದನ್ನು ತಿಳಿಯುವುದೇ ಸಂಖ್ಯಾಶಾಸ್ತ್ರದ ಮುಖ್ಯ ಕೆಲಸ.

ಪ್ರಶಾಂತಚಂದ್ರ ಮಹಲನೋಬಿಸರು ಬಂಗಾಲದ ಸೆಣಬಿನ ಬೆಳೆಯನ್ನು ಅಂದಾಜು ಮಾಡುವಾಗ ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು ಬೇರೆ ಬೇರೆಯಾಗಿ ಕಳಿಸುವ ಕ್ರಮವನ್ನು ತಂದರು. ಎರಡು ಲೆಕ್ಕಗಳ ಅಂತರ ನೋಡಿದರೆ ಅಂದಾಜು ಎಷ್ಟು ಗಟ್ಟಿಯೆಂಬುದು ತಿಳಿಯುತ್ತಿತ್ತು.

ಎರಡನೆಯ ತಂಡಕ್ಕೆ ಹಣವಿಲ್ಲದಿದ್ದರೆ? ಅಮೆರಿಕದ ಬ್ರಾಡ್ಲಿ ಎಫ್ರಾನ್ ೧೯೭೯ರಲ್ಲಿ ಒಂದು ದಾರಿ ತೋರಿಸಿದರು. ಅದಕ್ಕೆ ಬೂಟ್‌ಸ್ಟ್ರಾಪ್ ಎಂದು ಹೆಸರು. ನೂರು ಮನೆಗಳ ಖರ್ಚನ್ನು ನೂರು ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಿರಿ. ಒಂದನ್ನು ಎತ್ತಿ, ಬರೆದುಕೊಂಡು, ಮತ್ತೆ ಡಬ್ಬಿಗೇ ಹಾಕಿರಿ. ಹೀಗೆ ನೂರು ಸಲ ಎತ್ತಿ ಸರಾಸರಿ ತೆಗೆಯಿರಿ. ಇಡೀ ಕೆಲಸವನ್ನು ಸಾವಿರ ಸಲ ಮಾಡಿದರೆ ಸಾವಿರ ಸರಾಸರಿಗಳು ಸಿಗುತ್ತವೆ. ಅವು ಒತ್ತಾಗಿದ್ದರೆ ಅಂದಾಜು ಗಟ್ಟಿ, ಚೆದರಿದ್ದರೆ ಸಡಿಲು. ಗಣಕಯಂತ್ರಕ್ಕೆ ಇದು ಕ್ಷಣದ ಕೆಲಸ.

ಅರ್ಥಶಾಸ್ತ್ರದ ಪರೀಕ್ಷೆಗಳಿಗೂ ಇದರಿಂದ ಉಪಕಾರವಾಗಿದೆ. ಇಲ್ಲದ ವ್ಯತ್ಯಾಸವನ್ನು ಇದೆಯೆಂದು ನೂರಕ್ಕೆ ಐದು ಸಲ ಮಾತ್ರ ಹೇಳುತ್ತೇವೆಂಬುದು ಪರೀಕ್ಷಕರ ವಾಗ್ದಾನ. ಹಲವು ಪರೀಕ್ಷೆಗಳಲ್ಲಿ ಈ ಮಾತು ಮನೆಗಳು ನೂರಾರಿದ್ದಾಗ ಮಾತ್ರ ನಿಲ್ಲುತ್ತದೆ. ಇಪ್ಪತ್ತೇ ಇದ್ದರೆ ಐದೆಂದದ್ದು ಹತ್ತೂ ಆದೀತು. ಚೀಟಿಯ ಕ್ರಮವು ಅನೇಕ ವೇಳೆ ಅದನ್ನು ಮತ್ತೆ ಐದರ ಹತ್ತಿರಕ್ಕೆ ತರುತ್ತದೆ.

ಆದರೆ ಚೀಟಿಯನ್ನು ವಿವೇಕದಿಂದ ಎತ್ತಬೇಕು. ಒಂದೇ ಚಾಳಿನ ಹತ್ತು ಮನೆಗಳು ಒಂದೇ ಕಿರಾಣಿ ಅಂಗಡಿಯಲ್ಲಿ ಕೊಳ್ಳುತ್ತವೆ. ಅವು ಹತ್ತು ಸಾಕ್ಷಿಗಳಲ್ಲ, ಹೆಚ್ಚುಕಡಿಮೆ ಒಂದೇ ಸಾಕ್ಷಿ. ಅಲ್ಲಿ ಚಾಳಿಗೊಂದು ಚೀಟಿ ಮಾಡಿ, ಇಡೀ ಚಾಳನ್ನೇ ಎತ್ತುವುದು ಸರಿ.

ಕೊನೆಯ ಮಾತು. ಅಂಗಡಿಯ ಧಾರಣೆಯನ್ನೇ ತಪ್ಪು ಬರೆದಿದ್ದರೆ ಸಾವಿರ ಸಲ ಚೀಟಿ ಎತ್ತಿದರೂ ಅದೇ ತಪ್ಪು ಸಾವಿರ ಸಲ ಬರುತ್ತದೆ. ಅದನ್ನು ಹಿಡಿಯಲು ಇನ್ನೊಬ್ಬರು ಹೋಗಿ ನೋಡಲೇಬೇಕು. ೧೯೬೩ರಲ್ಲಿ ಆ ಎರಡನೆಯ ತಂಡದ ಕೆಲಸ ಮಾಡಿದವರು, ಪೇಟೆಯಲ್ಲಿ ದಿನಾಲು ಚೀಲ ಹಿಡಿದು ನಿಂತ ಕಾರ್ಮಿಕರೇ. ನಾವೂ ಮನೆಯ ಖರ್ಚನ್ನು ಬರೆದಿಡೋಣ. ಯಾವುದೇ ಅಂಕಿ ಕಂಡಾಗ, ಎಷ್ಟು ಮನೆಗಳನ್ನು ಕೇಳಿದಿರಿ, ಎಷ್ಟು ಹೆಚ್ಚುಕಡಿಮೆಯಾದೀತು ಎಂದು ಅಂಜದೆ ಕೇಳೋಣ.