ಅಕಲೂಜದ ದ್ರಾಕ್ಷಿ ಮತ್ತು ಅಣ್ಣನ ಐದೆಕರೆ
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಒಂದು ಪ್ರವಾಸದ ಅನುಭವವನ್ನು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ಅವರ ಮನಸ್ಸಿನಲ್ಲಿ ಹಂಪಿಯೋ ಬದರಿಯೋ ಇದ್ದಿರಬೇಕು. ನಾನು ಆರಿಸಿಕೊಂಡದ್ದು ದ್ರಾಕ್ಷಾರಸ ತಯಾರಿಸುವ ಒಂದು ಊರನ್ನು. ಅಕ್ಕಲಕೋಟೆ ತಾಲ್ಲೂಕಿನ ಲಿಂಗವಂತರ ಮನೆಯಲ್ಲಿ ಹುಟ್ಟಿ, ಮೂವತ್ತು ವರ್ಷಗಳಿಂದ ಈ ನಗರದ ಅನ್ನ ಉಣ್ಣುತ್ತಿರುವ ನಾನು ಕನ್ನಡ ಸಂಘದ ವೇದಿಕೆಯಲ್ಲಿ ಹೆಂಡದ ಮಾತು ತೆಗೆಯುವುದು ಉಚಿತವೇ ಎಂದು ಮನೆಯವಳು ಕೇಳಿದಳು. ಮಾತು ಮುಗಿದ ಮೇಲೆ ತಾವು ತೀರ್ಮಾನಿಸಬೇಕು.

ಕಲ್ಕತ್ತೆಯವರಾದ ನಮಗೆ ಇಟಲಿಯ ಹೆಸರು ತೀರ ಹೊಸತೇನಲ್ಲ. ಲಾರ್ಡ್ ಮೇಯೊ ವೈಸರಾಯ್ ಆಗಿದ್ದಾಗ, 1869ರಲ್ಲಿ, ಪೀಡ್‌ಮಾಂಟ್ ಪ್ರಾಂತ್ಯದ ಫೆಡೆರಿಕೊ ಪೆಲಿಟಿ ಎಂಬಾತ ಮಿಠಾಯಿ ತಯಾರಕನಾಗಿ ಇಲ್ಲಿಗೆ ಬಂದು ಮುಂದೆ ತನ್ನದೇ ಉಪಾಹಾರಗೃಹವನ್ನು ತೆರೆದನು. ಚೌರಂಗಿಯಲ್ಲಿ ಫಿರ್ಪೋ ಎಂಬ ಇನ್ನೊಬ್ಬ ಇಟಲಿಯವನ ಭೋಜನಶಾಲೆಯಿತ್ತು. ಆ ಕಟ್ಟಡ ಅನಂತರ ಬಟ್ಟೆ ಅಂಗಡಿಗಳ ಮಾರುಕಟ್ಟೆಯಾಗಿ 2002ರಲ್ಲಿ ಬೆಂಕಿಗೆ ತುತ್ತಾಯಿತು. ಆದರೆ ಪೆಲಿಟಿಯೂ ಫಿರ್ಪೋವೂ ದೊರೆಗಳ ಮೇಜಿಗೆ ಬಡಿಸಿದವರು, ಮಣ್ಣು ಮುಟ್ಟಿದವರಲ್ಲ. ನಾನು ಹೇಳಹೊರಟಿರುವುದು ಮಣ್ಣು ಮುಟ್ಟಿದವರ ಕಥೆಯನ್ನು.

ಸೊಲ್ಲಾಪುರ ಜಿಲ್ಲೆಯ ಮಾಳಶಿರಸ ತಾಲ್ಲೂಕಿನಲ್ಲಿ, ನೀರಾ ನದಿಯ ದಂಡೆಯ ಮೇಲೆ ಅಕಲೂಜ ಎಂಬ ಊರಿದೆ. ಶಂಕರರಾವ್ ಮೋಹಿತೆ ಪಾಟೀಲರು ಕಟ್ಟಿದ ಸಹಕಾರಿ ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಊರು. 2007ರ ಸುಮಾರಿಗೆ ಆ ಮನೆತನದ ಇಬ್ಬರು ಸಹೋದರರು, ದಿಲ್ಲಿಯ ಸೇಖ್ರಿ ಸಹೋದರರಿಬ್ಬರು, ಇಟಲಿಯ ಸೆಕ್ಕಿ ಸಹೋದರರಿಬ್ಬರು ಕೂಡಿ ಅಲ್ಲಿನ ಮೋಟೆವಾಡಿಯ ಸುತ್ತ ದ್ರಾಕ್ಷಿ ನೆಟ್ಟರು. ಇಟಲಿಯ ಭಾಷೆಯಲ್ಲಿ ಸಹೋದರರಿಗೆ 'ಫ್ರಾತೆಲ್ಲಿ' ಎನ್ನುತ್ತಾರೆ. ಸಂಸ್ಥೆಗೂ ಅದೇ ಹೆಸರು. ಟಸ್ಕನಿಯ ದ್ರಾಕ್ಷಾರಸ ತಜ್ಞ ಪಿಯೆರೊ ಮಾಸಿ ಏಳನೆಯವರಾಗಿ ಸೇರಿದರು. ಅವರ ಮೇಲ್ದರ್ಜೆಯ ಕೆಂಪು ರಸಕ್ಕೆ 'ಸೆತ್ತೆ', ಅಂದರೆ ಏಳು, ಎಂದು ಹೆಸರಿಟ್ಟದ್ದು ಈ ಏಳು ಮಂದಿಯಿಂದಾಗಿ.

ಸಹೋದರರು ಎಂಬ ಮಾತು ನನ್ನನ್ನು ಚುಚ್ಚಿತೆಂದು ಒಪ್ಪಿಕೊಳ್ಳುತ್ತೇನೆ. ನನ್ನ ಅಣ್ಣ ಊರಿನಲ್ಲಿಯೇ ಉಳಿದವನು. ಅವ್ವನ ಕ್ರಿಯೆ ಮುಗಿದ ದಿನ ಐದೆಕರೆ ಹೊಲದ ಮಾತು ಬಂದು, ಮಾತಿಗೆ ಮಾತು ಬೆಳೆದು, ಆರು ವರ್ಷ ನಾವು ಪರಸ್ಪರ ಮಾತನಾಡಿರಲಿಲ್ಲ. 2018ರ ಕೊನೆಗೆ ಅವನ ಕಾಗದ ಬಂದಿತು. ಕಬ್ಬಿಗೆ ನೀರು ಸಾಲುತ್ತಿಲ್ಲ, ಎರಡು ಬೋರು ಬತ್ತಿವೆ, ವೈನಿನ ದ್ರಾಕ್ಷಿ ಹಚ್ಚಿದರೆ ಲಾಭವಿದೆಯೆಂದು ಜನ ಹೇಳುತ್ತಾರೆ, ಸಾಲ ತೆಗೆಯಲು ನಿನ್ನ ಸಹಿ ಬೇಕು. ಕೊನೆಗೊಂದು ಸಾಲು: "ನೀ ಕಲಿತಾಂವ. ಸಹಿ ಹಾಕೂ ಮೊದಲ ಅಕಲೂಜಕ್ಕ ಹೋಗಿ ನೋಡಿ ಬಾ." ಆ ಸಾಲಿನಲ್ಲಿ ಕೊಂಕು ಎಷ್ಟು, ನಂಬಿಕೆ ಎಷ್ಟು ಎಂಬುದನ್ನು ಅಳೆಯಲಾರದೆ ನಾನು 2019ರ ಫೆಬ್ರುವರಿಯಲ್ಲಿ ಹೌರಾದಿಂದ ಆಜಾದ್ ಹಿಂದ್ ಎಕ್ಸ್‌ಪ್ರೆಸ್ ಹತ್ತಿ ದೌಂಡದಲ್ಲಿ ಇಳಿದು, ಇಂದಾಪುರದ ಮೇಲಿಂದ ಅಕಲೂಜ ತಲುಪಿದೆನು.

ಫೆಬ್ರುವರಿ ಅಲ್ಲಿ ಕೊಯ್ಲಿನ ಕಾಲ. ಕಬ್ಬಿನ ಗದ್ದೆಗಳು ಮುಗಿದು ಎಕರೆಗಟ್ಟಲೆ ಒಂದೇ ಅಳತೆಯ ಸಾಲುಗಳಲ್ಲಿ ಬಳ್ಳಿಗಳು ನಿಂತಿರುವುದನ್ನು ಕಂಡಾಗ, ಇದು ನಮ್ಮ ಜೋಳದ ಸೀಮೆಯೇ ಎಂದು ಕಣ್ಣು ಅನುಮಾನಿಸುತ್ತದೆ. ಕೊಯ್ಲು ಬೆಳಗಿನ ತಂಪಿನಲ್ಲಿಯೇ ನಡೆಯಬೇಕು; ಬಿಸಿಲೇರಿದರೆ ಬುಟ್ಟಿಯಲ್ಲಿಯೇ ಹಣ್ಣು ಹುಳಿಯಲು ತೊಡಗುತ್ತದೆ. ನಸುಕಿನಲ್ಲಿ ಎದ್ದು ಸಾಲುಗಳ ನಡುವೆ ನಡೆದಾಡಿದೆ. ಮುಂಬಯಿ, ಪುಣೆಗಳಿಂದ ಬಂದ ತರುಣ ತರುಣಿಯರು ಸೈಕಲ್ಲು ತುಳಿಯುತ್ತ, ಚಿತ್ರ ತೆಗೆಯುತ್ತ ಓಡಾಡುತ್ತಿದ್ದರು. ನನ್ನಂಥ ಅರವತ್ತರ ಗಡಿಯವನು ಕೈಯಲ್ಲಿ ಟಿಪ್ಪಣಿಯ ಪುಸ್ತಕ ಹಿಡಿದು ಬೇರಿನ ವಿಚಾರ ಕೇಳುತ್ತಿದ್ದುದು ಅವರಿಗೆ ತಮಾಷೆಯಾಗಿ ಕಂಡಿರಬೇಕು.

ನಾನು ತಿಳಿದುಕೊಂಡದ್ದು ಇಷ್ಟು. ಇಟಲಿಯಲ್ಲಿ ಬಳ್ಳಿಗೆ ಚಳಿಗಾಲವೆಂದರೆ ನಿದ್ರೆ; ಎಲೆ ಉದುರಿಸಿ ಮಲಗಿ ವಸಂತದಲ್ಲಿ ಏಳುತ್ತದೆ. ನಮ್ಮ ದಖ್ಖಣದಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಆದುದರಿಂದ ಮನುಷ್ಯನೇ ಕತ್ತರಿ ಹಿಡಿದು ಎರಡು ಬಾರಿ ಅದನ್ನು ಎಬ್ಬಿಸಬೇಕು. ಬೇಸಿಗೆಯಲ್ಲಿ ಒಂದು ಚಾಟ್ನಿ, ಕಡ್ಡಿ ಬೆಳೆಸುವುದಕ್ಕೆ. ಮಳೆ ಹಿಂದಾಗುವ ಹೊತ್ತಿಗೆ ಇನ್ನೊಂದು, ಹಣ್ಣು ಹಿಡಿಸುವುದಕ್ಕೆ. ಎರಡು ಚಾಟ್ನಿಗೆ ಬೆಳೆ ಮಾತ್ರ ಒಂದೇ. ಟಸ್ಕನಿಯಲ್ಲಿ ಕೊಯ್ಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅಕಲೂಜದಲ್ಲಿ ಚಳಿಗಾಲದ ತುದಿಗೆ. ಅಲ್ಲಿಯ ತಜ್ಞನೊಬ್ಬ ವರುಷಕ್ಕೆ ಎರಡು ಸುಗ್ಗಿ ಕಾಣಬಹುದೆಂದು ನಾನು ಲೆಕ್ಕ ಹಾಕಿದೆ. ಟಸ್ಕನಿಯ ತಳಿಯಾದ ಸಾಂಜೊವೇಸೆಯನ್ನು ಇಲ್ಲಿ ಬೆಳೆದಿದ್ದಾರೆ. ಅದರ ಹೆಸರಿಗೆ ಜುಪಿಟರ್ ದೇವನ ರಕ್ತ ಎಂದು ಅರ್ಥ ಹೇಳುವುದುಂಟು.

ಕುಡಿದಿರಾ ಎಂದು ಕೇಳಲು ತವಕಿಸುತ್ತಿರುವವರಿಗೆ ಉತ್ತರ ಕೊಡುತ್ತೇನೆ. ಎರಡು ಗುಟುಕು. ಬಾಯಿಯೆಲ್ಲ ಒಗರಾಯಿತು, ಪೂರ್ತಿ ಮಾಗದ ನೇರಳೆ ಹಣ್ಣನ್ನು ತಿಂದಂತೆ. ಇದು ಬಲು ಒಳ್ಳೆಯ ಗುಣವೆಂದು ಪಕ್ಕದಲ್ಲಿದ್ದ ಹುಡುಗ ವಿವರಿಸಿದನು. ಇರಬಹುದು.

ಇಟಲಿಯ ದ್ರಾಕ್ಷಾರಸ ಈ ಸೀಮೆಗೆ ಇದೇ ಮೊದಲು ಬಂದುದೆಂದು ತಿಳಿದರೆ ತಪ್ಪಾದೀತು. ಕ್ರಿಸ್ತಶಕ ಮೊದಲ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ಗ್ರಂಥವು ಬರಿಗಾಜಾ, ಎಂದರೆ ಭರೂಚ್ ಬಂದರಿನಲ್ಲಿ ಇಳಿಯುತ್ತಿದ್ದ ಸರಕುಗಳಲ್ಲಿ ದ್ರಾಕ್ಷಾರಸವನ್ನು ಹೇಳಿ, ಅದರಲ್ಲಿಯೂ ಇಟಲಿಯದಕ್ಕೆ ಹೆಚ್ಚು ಬೇಡಿಕೆಯೆಂದು ಬರೆಯುತ್ತದೆ. ಅದೇ ಬಂದರಿಗೆ ಬಂಡಿಗಳಲ್ಲಿ ಸರಕು ಹೋಗುತ್ತಿದ್ದ ಒಳನಾಡಿನ ಪೇಟೆಗಳು ಪೈಠಣ ಮತ್ತು ತಗರ. ಆ ತಗರವೇ ಸೊಲ್ಲಾಪುರದ ನೆರೆಯ ಧಾರಾಶಿವ ಜಿಲ್ಲೆಯ ತೇರ್. ಅಕಲೂಜದಿಂದ ಊರಿಗೆ ಹೋಗುವಾಗ ದಾರಿ ಬಿಟ್ಟು ಅಲ್ಲಿಗೂ ಹೋದೆ. ರಾಮಲಿಂಗಪ್ಪ ಲಾಮತುರೆ ಎಂಬವರು ಕೂಡಿಸಿದ ಹಳೆಯ ವಸ್ತುಗಳ ಸಂಗ್ರಹಾಲಯ ಆ ಊರಿನಲ್ಲಿದೆ. ಇಟಲಿಯ ಪೊಂಪೇಯಿಯ ಬೂದಿಯಲ್ಲಿ ಸಿಕ್ಕ ಭಾರತದ ದಂತದ ಗೊಂಬೆಯನ್ನು ತಾವು ಚಿತ್ರದಲ್ಲಿ ನೋಡಿರಬಹುದು. ಅದನ್ನು ಹೋಲುವ ದಂತದ ಗೊಂಬೆ ತೇರಿನಲ್ಲಿಯೂ ಸಿಕ್ಕಿದೆ. ಬರುವಾಗ ರಸ, ಹೋಗುವಾಗ ದಂತ. ಶಿಲಾಹಾರ ಅರಸರು ನಮ್ಮ ಶಾಸನಗಳಲ್ಲಿ ತಮ್ಮನ್ನು 'ತಗರಪುರವರಾಧೀಶ್ವರ' ಎಂದು ಕರೆದುಕೊಂಡುದನ್ನು ಓದಿದಾಗಲೆಲ್ಲ ತಗರವೆಲ್ಲಿ ಎಂದು ಚಿಂತಿಸುತ್ತಿದ್ದ ನನಗೆ, ಆ ಧೂಳಿನ ಬೀದಿಯಲ್ಲಿ ನಿಂತಾಗ ಮೈ ಜುಮ್ಮೆಂದಿತು.

ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡುದು, 1878ರಲ್ಲಿ ಇಟಲಿಯ ಜೆಸುಯಿಟರು ಮಂಗಳೂರಿಗೆ ಬಂದುದು ತಮಗೆ ತಿಳಿದ ಸಂಗತಿಗಳೇ.

ಈಗ ಅಕಲೂಜಕ್ಕೆ ಮರಳುತ್ತೇನೆ. ಎರಡನೆಯ ದಿನ ವೇಳಾಪುರದ ಅರ್ಧನಾರಿ ನಟೇಶ್ವರ ಗುಡಿಯನ್ನು ನೋಡಲು ಹೋಗುವಾಗ, ದಾರಿಯಲ್ಲಿ ಬೇರೊಬ್ಬ ರೈತರ ದ್ರಾಕ್ಷಿ ಪಡದಲ್ಲಿ ಹೆಂಗಸರು ಕೆಲಸ ಮಾಡುತ್ತಿದ್ದರು. ಮರಾಠಿಯಲ್ಲಿ ಏನೋ ಕೇಳಿದೆ. ಒಬ್ಬಾಕೆ ಇನ್ನೊಬ್ಬಳಿಗೆ, "ಏನ್ ಕೇಳತಾನ ನೋಡ ಈ ಮುದುಕ" ಎಂದಳು. ಆ ಅಪ್ಪಟ ಕನ್ನಡ ಕೇಳಿದ ಸಂತೋಷದಲ್ಲಿ ಮುದುಕ ಎಂದದ್ದು ಕೂಡ ಹಿತವೆನಿಸಿತು. "ಯಾವೂರವ್ವಾ ನಿಮ್ದು?" ಎಂದೆ. ಆಕೆ ಸೆರಗು ಬಾಯಿಗೆ ಹಚ್ಚಿ ನಕ್ಕಳು. ಜತ್ತ ತಾಲ್ಲೂಕಿನವರು, ಚಾಟ್ನಿಗೆ, ಕೊಯ್ಲಿಗೆ ತಂಡ ಕಟ್ಟಿಕೊಂಡು ಬರುವವರು. ವೈನಿನ ದ್ರಾಕ್ಷಿಯ ಬಗ್ಗೆ ಕೇಳಿದೆ. "ಅವು ತಿನ್ನಾಕ ಬರಂಗಿಲ್ರೀ ಯಪ್ಪಾ. ಸಣ್ಣವು, ಸಿಪ್ಪಿ ದಪ್ಪ, ಒಳಗ ಬರೇ ಬೀಜ. ಫ್ಯಾಕ್ಟರಿಯವ್ರು ಬ್ಯಾಡಂದ್ರ ದನಾನೂ ಮೂಸಂಗಿಲ್ಲ."

ಬಂಧುಗಳೇ, ನಾನು ಟಿಪ್ಪಣಿಯ ಪುಸ್ತಕದಲ್ಲಿ ಬರೆದುಕೊಂಡ ಎಷ್ಟೋ ಪುಟಗಳಿಗಿಂತ ಈ ಮಾತು ತೂಕದ್ದು. ತಿನ್ನುವ ದ್ರಾಕ್ಷಿಯನ್ನು ಒಬ್ಬ ವ್ಯಾಪಾರಿ ಬೇಡವೆಂದರೆ ಇನ್ನೊಬ್ಬನಿಗೆ ಮಾರಬಹುದು. ಮಾರಲಾಗದಿದ್ದರೆ ಒಣಗಿಸಿ ಮಣೂಕ ಮಾಡಬಹುದು. ವೈನಿನ ದ್ರಾಕ್ಷಿಗೆ ಒಡೆಯ ಒಬ್ಬನೇ. ಮಹಾರಾಷ್ಟ್ರ ಸರಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣೆಯ ನೀತಿ ತಂದಾಗ ನಾಸಿಕದ ಕಡೆಯ ರೈತರು ಉತ್ಸಾಹದಿಂದ ವೈನಿನ ತಳಿ ನೆಟ್ಟಿದ್ದರು. 2008ರ ಆರ್ಥಿಕ ಕುಸಿತದ ತರುವಾಯ ಕೊಳ್ಳುವವರಿಲ್ಲದೆ ಅನೇಕರು ಅವೇ ಬಳ್ಳಿಗಳನ್ನು ಕಿತ್ತು ಹಾಕಬೇಕಾಯಿತು. ತಮ್ಮದೇ ಜಮೀನು, ತಮ್ಮದೇ ಕಾರ್ಖಾನೆ ಇರುವ ಸಹೋದರರ ಮಾತು ಬೇರೆ. ಐದೆಕರೆಯ ನನ್ನ ಅಣ್ಣನ ಮಾತು ಬೇರೆ. ನಮ್ಮೂರಿನಿಂದ ಅಕಲೂಜ ನೂರೈವತ್ತು ಕಿಲೋಮೀಟರಿನ ಹತ್ತಿರ. ಆ ಬಿಸಿಲಿನಲ್ಲಿ ಹಣ್ಣು ಲಾರಿಯಲ್ಲಿ ತಲುಪುವಷ್ಟರಲ್ಲಿ ಅದರ ಗತಿಯೇನು?

ಆಕೆಯ ಮಗ ಬಳ್ಳಿಯ ನೆರಳಿನಲ್ಲಿ ಕುಳಿತಿದ್ದ. ಊರಿನ ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆ. ಸುಗ್ಗಿಯ ನಾಲ್ಕು ತಿಂಗಳು ಶಾಲೆಯಿಲ್ಲ; ಇಲ್ಲಿನ ಶಾಲೆ ಮರಾಠಿಯದು. ನಾನು ಮಣ್ಣಿನಲ್ಲಿ ಬೆರಳಿನಿಂದ 'ದ್ರಾಕ್ಷಿ' ಎಂದು ಬರೆದೆ. ಅವನು ದಕಾರದ ಒತ್ತಿನಲ್ಲಿ ಎಡವಿದನು. ಕ್ಷಕಾರವನ್ನು ಮಾತ್ರ ಸರಿಯಾಗಿ ಓದಿದನು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳು ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ ಹೇಳಿದ್ದು 1967ರಲ್ಲಿ. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ; 2004ರಲ್ಲಿ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ನಾವು ಸಂಘಗಳಲ್ಲಿ ಗೊತ್ತುವಳಿ ಮಂಡಿಸುತ್ತೇವೆ, ಆ ಹುಡುಗನ ನಾಲ್ಕು ತಿಂಗಳ ಲೆಕ್ಕವನ್ನು ಯಾವ ಗೊತ್ತುವಳಿಯಲ್ಲಿಯೂ ನಾನು ಕಂಡಿಲ್ಲ. ನಾನೇ ಬರೆದ ಗೊತ್ತುವಳಿಗಳನ್ನೂ ಸೇರಿಸಿ ಹೇಳುತ್ತಿದ್ದೇನೆ.

ಊರಿಗೆ ಹೋದೆ. ಅಣ್ಣ ಕಟ್ಟೆಯ ಮೇಲೆ ಕುಳಿತಿದ್ದ. "ಬಂದ್ಯಾ" ಎಂದ. ಆರು ವರ್ಷಗಳ ಮೇಲೆ ಅಷ್ಟೇ. ಅತ್ತಿಗೆ ಚಹಾ ತಂದರು. ನೋಡಿದ್ದನ್ನೆಲ್ಲ ಹೇಳಿದೆ, ವೈನಿನ ತಳಿ ಬೇಡವೆಂದೂ ಹೇಳಿದೆ. ಅವನ ಮುಖ ಗಂಟಾಯಿತು. "ಸಹಿ ಹಾಕೂದು ತಪ್ಪಸಾಕ ಹೇಳ್ತಿಯೇನು?" ಎಂದ. ಅವನು ಹಾಗೆ ಅಂದದ್ದರಲ್ಲಿ ಅನ್ಯಾಯವಿರಲಿಲ್ಲ. ಕಾಗದ ಬಂದ ದಿನ ನನ್ನ ಮನಸ್ಸಿನಲ್ಲಿ ಅದೇ ಇತ್ತು. ಸಾಲದ ಪತ್ರವನ್ನು ತರಿಸಿ ಅವನೆದುರೇ ಸಹಿ ಹಾಕಿ, ಏನು ನೆಡುವುದೆಂಬುದು ನಿನ್ನ ಇಷ್ಟ ಎಂದು ಕೈಗೆ ಕೊಟ್ಟೆ. ಅವನು ಬಹಳ ಹೊತ್ತು ಆ ಕಾಗದವನ್ನು ಮಡಿಚುತ್ತ ಬಿಡಿಸುತ್ತ ಕುಳಿತಿದ್ದ.

ಮರುದಿನ ಇಬ್ಬರೂ ಸೊಲ್ಲಾಪುರಕ್ಕೆ ಹೋಗಿ ಸಿದ್ಧರಾಮೇಶ್ವರನ ಕೆರೆಯ ದಂಡೆಯಲ್ಲಿ ಕುಳಿತೆವು. ವಚನ ಬರೆದ ಕೈಯೇ ಸೊನ್ನಲಿಗೆಯಲ್ಲಿ ಕೆರೆಯನ್ನೂ ಕಟ್ಟಿಸಿತು. ಹನ್ನೆರಡನೆಯ ಶತಮಾನದಲ್ಲಿಯೇ ಈ ಸೀಮೆಯ ದೊಡ್ಡ ಪ್ರಶ್ನೆ ನೀರಾಗಿತ್ತು. ಇಂದು ಇದೇ ಜಿಲ್ಲೆಯಲ್ಲಿ ಸಾಲು ಸಾಲು ಸಕ್ಕರೆ ಕಾರ್ಖಾನೆಗಳು. ಮಳೆ ಕಡಿಮೆಯಿರುವಲ್ಲಿ ನೀರು ಕುಡಿಯುವ ಬೆಳೆಯನ್ನೇ ರಾಜಕಾರಣ ಬೆಳೆಸಿತು. ಹನಿ ನೀರಾವರಿಯಲ್ಲಿ ದ್ರಾಕ್ಷಿ ಅದಕ್ಕಿಂತ ಎಷ್ಟೋ ಮೇಲು. ಈ ಒಂದು ವಿಷಯದಲ್ಲಿ ಇಟಲಿಯವರೂ ಅಣ್ಣನೂ ಒಂದೇ ಪಕ್ಷ. 2022ರ ಜನವರಿಯಲ್ಲಿ ಮಹಾರಾಷ್ಟ್ರದ ಮಂತ್ರಿಮಂಡಲ ದೊಡ್ಡ ಅಂಗಡಿಗಳಲ್ಲಿ ವೈನ್ ಮಾರಲು ಒಪ್ಪಿಗೆ ಕೊಟ್ಟಾಗ ಎದ್ದ ಗದ್ದಲದಲ್ಲಿ ಕುಡಿತದ ಮಾತೇ ಕೇಳಿಸಿತು; ನೀರಿನ ಮಾತು ಕೇಳಿಸಲಿಲ್ಲ.

ಅಣ್ಣ ಕೊನೆಗೆ ಎರಡೆಕರೆಗೆ ಮಣೂಕದ ತಳಿಯನ್ನು ಹಚ್ಚಿದ. ಸೊಲ್ಲಾಪುರದ ಹತ್ತಿರದ ನಾನಜದಲ್ಲಿ ಅಲ್ಲಿನ ರೈತರಾದ ನಾನಾಸಾಹೇಬ ಕಾಳೆಯವರು ಕಂಡುಹಿಡಿದ ಸೋನಾಕ ತಳಿ ಅವನ ಆಯ್ಕೆ, ನನ್ನನ್ನು ಕೇಳಲಿಲ್ಲ. ಕಾಡುಬೇರಿನ ಗಿಡ ನೆಟ್ಟು, ಅದಕ್ಕೆ ಕಸಿ ಕಟ್ಟಿ, ಕಲ್ಲುಕಂಬ, ತಂತಿ, ಹನಿಕೊಳವೆ ಎಲ್ಲವನ್ನೂ ಸಾಲದಲ್ಲಿ ನಿಲ್ಲಿಸಿದ. ಒಂದು ವರ್ಷ ಅಕಾಲದ ಮಳೆ ಬಂದು ಹೂವಿನಲ್ಲಿಯೇ ಅರ್ಧ ಹೋಯಿತು. ಸಾಲ ಇನ್ನೂ ತೀರಿಲ್ಲ. ಕೊಯ್ದ ಗೊಂಚಲುಗಳನ್ನು ದ್ರಾವಣದಲ್ಲಿ ಅದ್ದಿ, ನೆರಳಿನ ಚಪ್ಪರದ ಬಲೆಗಳ ಮೇಲೆ ಹರಡಿ ಎರಡು ವಾರ ಒಣಗಿಸಿದರೆ ನಾಲ್ಕು ಕಿಲೋಗೆ ಒಂದು ಕಿಲೋ ಮಣೂಕ ಬರುತ್ತದೆ. ಕಳೆದ ಸುಗ್ಗಿಯಲ್ಲಿ ಅವನು ನನ್ನನ್ನು ಎರಡು ವಾರ ಆ ಚಪ್ಪರದಡಿಯಲ್ಲಿ ದುಡಿಸಿಕೊಂಡನು. ಕೂಲಿ ಕೇಳಿದೆ. "ಹೊಲ ನಿಂದೂ ಅಲ್ಲೇನು" ಎಂದ.

ಆ ಕೂಲಿಯ ಲೆಕ್ಕದಲ್ಲಿ ಕಳಿಸಿದ ಐದು ಕಿಲೋ ಮಣೂಕ ಕಾರ್ಯದರ್ಶಿಗಳ ಮೇಜಿನ ಮೇಲಿದೆ. ಚಹಾದ ಹೊತ್ತಿಗೆ ಹಂಚುತ್ತಾರೆ. ಕೆಲವದರಲ್ಲಿ ತೊಟ್ಟು ಉಳಿದಿದೆ; ಅದು ನಾನು ಆರಿಸಿದ ಪಾಲು.