ನಂಬರ್ ಸರಿ, ಹೆಸರು ತಪ್ಪು: ಸ್ಪೆಕ್ಟ್ರಲ್ ಲೈಬ್ರರಿಗಳನ್ನು ಒಂದುಗೂಡಿಸುವಾಗ

ನಾನು ವಸಂತ್ ಕುಂಜ್‌ನಿಂದ ಮಾತಾಡ್ತಿದ್ದೀನಿ. ವಾರವಿಡೀ ಡೇಟಾ ಇಂಜಿನಿಯರ್ ಕೆಲಸ, ಶನಿವಾರ ಭಾನುವಾರ ಪ್ರೋಟಿಯೋಮಿಕ್ಸ್ ಲ್ಯಾಬುಗಳಿಗೆ ಡೇಟಾ ಸರಿಮಾಡಿಕೊಡೋದು. ಇಲ್ಲಿಂದ ಸ್ವಲ್ಪ ದೂರದಲ್ಲಿ ಅರುಣಾ ಆಸಫ್ ಅಲಿ ಮಾರ್ಗ ಇದೆ, ಐಸಿಜಿಇಬಿ, ಎನ್‌ಐಐ ಎಲ್ಲ ಅದೇ ರಸ್ತೆಯಲ್ಲಿ. ಆ ಬೋರ್ಡುಗಳನ್ನು ದಿನಾ ನೋಡಿ ನೋಡಿಯೇ ನನಗೆ ಈ ಹುಚ್ಚು ಹಿಡಿದಿದ್ದು. ಆದರೆ ಇವತ್ತು ಹೇಳೋ ಕಥೆ ಆ ರಸ್ತೆಯದ್ದಲ್ಲ, ಬೇರೆ ಊರಿನ ಲ್ಯಾಬಿನದು. ಹೆಸರು ಬೇಡ. ತಪ್ಪು ಹೇಗೂ ನನ್ನದೇ.

ಮೊದಲು ಲೈಬ್ರರಿ ಅಂದ್ರೆ ಏನು ಅಂತ ನೋಡೋಣ. ರಕ್ತವನ್ನೋ ಅಂಗಾಂಶವನ್ನೋ ತಗೊಂಡು, ಅದರ ಪ್ರೋಟೀನುಗಳನ್ನು ಟ್ರಿಪ್ಸಿನ್ ಅನ್ನೋ ಕಿಣ್ವದಿಂದ ಸಣ್ಣ ತುಂಡು ಮಾಡ್ತಾರೆ. ಆ ತುಂಡೇ ಪೆಪ್ಟೈಡ್. ಅವು ಒಂದು ಕಾಲಂ ಮೂಲಕ ಒಂದೊಂದಾಗಿ ಹೊರಬಂದು ಮಾಸ್ ಸ್ಪೆಕ್ಟ್ರೋಮೀಟರ್ ಒಳಗೆ ಹೋಗಿ ಇನ್ನೂ ಚೂರಾಗುತ್ತವೆ. ಯಾವ ತೂಕದ ಚೂರು ಎಷ್ಟು ಬಂತು ಅನ್ನೋ ಗೆರೆಗಳ ಚಿತ್ರವೇ ಸ್ಪೆಕ್ಟ್ರಮ್. ಸರ್ಚ್ ಸಾಫ್ಟ್‌ವೇರ್ ಅದನ್ನು ನೋಡಿ, ಇದು ಇಂಥ ಪೆಪ್ಟೈಡ್ ಅಂತ ಹೆಸರಿಡುತ್ತದೆ. ಹೆಸರು, ಗೆರೆಗಳು, ಕಾಲಂನಿಂದ ಹೊರಬಂದ ಸಮಯ, ಈ ಮೂರನ್ನೂ ಕೂಡಿಸಿ ಇಟ್ಟರೆ ಲೈಬ್ರರಿ.

ಮುಂದೆ ರೋಗಿಗಳ ಸ್ಯಾಂಪಲ್ ಬಂದಾಗ ಎಲ್ಲವನ್ನೂ ಹೊಸದಾಗಿ ಗುರುತಿಸುವ ಗೋಜಿಲ್ಲ. 2012ರಲ್ಲಿ ಜ್ಯೂರಿಕ್‌ನ ರೂಡಿ ಏಬರ್ಸೋಲ್ಡ್ ಅವರ ತಂಡ ಸ್ವಾತ್ ಅನ್ನೋ ವಿಧಾನದ ಜೊತೆ ತೋರಿಸಿದ್ದು ಇದನ್ನೇ. ಮೆಷೀನು ಕಂಡಿದ್ದನ್ನೆಲ್ಲ ರೆಕಾರ್ಡ್ ಮಾಡಲಿ, ನಾವು ಲೈಬ್ರರಿ ಹಿಡಿದುಕೊಂಡು ಬೇಕಾದ್ದನ್ನು ಮಾತ್ರ ಹುಡುಕೋಣ. ಹಾಗಾಗಿ ಲೈಬ್ರರಿಯಲ್ಲಿ ಇಲ್ಲದ್ದು ಕಾಣೋದಿಲ್ಲ. ಇದು ಗೊತ್ತಾದ ಕೂಡಲೇ ಎಲ್ಲರಿಗೂ ದೊಡ್ಡ ಲೈಬ್ರರಿಯ ಆಸೆ. ಜ್ಯೂರಿಕ್‌ನವರೇ 2014ರಲ್ಲಿ 331 ರನ್‌ಗಳನ್ನು ಸೇರಿಸಿ, ಹತ್ತು ಸಾವಿರಕ್ಕೂ ಹೆಚ್ಚು ಮಾನವ ಪ್ರೋಟೀನುಗಳ ಲೈಬ್ರರಿಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು.

ನನ್ನ ಲ್ಯಾಬಿನವರ ಹತ್ತಿರ ಮೂರು ಮೆಷೀನುಗಳ ಹನ್ನೆರಡು ಹಳೇ ಲೈಬ್ರರಿ ಇದ್ದವು. ಎಲ್ಲ ಸೇರಿಸಿ ಒಂದು ಮಾಡಿಕೊಡಿ ಅಂದ್ರು. ಸ್ಕೈಲೈನ್ ಬಳಸುವ ಬ್ಲಿಬ್ ಫೈಲ್ ತೆರೆದು ನೋಡಿದರೆ ಒಳಗಿರೋದು ಎಸ್‌ಕ್ಯೂಲೈಟ್! ನಗು ಬಂತು. ಒಂದು ಯೂನಿಯನ್ ಬರೆದರೆ ಆಯ್ತಲ್ಲ ಅಂದುಕೊಂಡೆ. ನೀವಾಗಿದ್ದರೂ ಹಾಗೇ ಅಂದುಕೊಳ್ತಿದ್ರಿ.

ಮೊದಲ ತೊಂದರೆ ಕೀ ಹೊಂದದೇ ಇದ್ದದ್ದು. ಸಿಸ್ಟೀನ್ ಮೇಲೆ ಸ್ಯಾಂಪಲ್ ತಯಾರಿಯಲ್ಲಿ 57 ಡಾಲ್ಟನ್ ಸೇರುತ್ತದೆ. ಅದನ್ನು ಒಂದು ಸಾಫ್ಟ್‌ವೇರ್ ಪ್ಲಸ್ 57 ಅಂತ ಬರೆದರೆ, ಇನ್ನೊಂದು ಸಿಸ್ಟೀನ್‌ನದೂ ಕೂಡಿಸಿ 160 ಅನ್ನುತ್ತದೆ, ಮತ್ತೊಂದು ಯುನಿಮಾಡ್ 4 ಅನ್ನುತ್ತದೆ. ಒಂದೇ ಪೆಪ್ಟೈಡ್ ಮೂರು ಸಾಲಾಗಿ ಕೂತಿತ್ತು. ಎರಡನೇದು ಸಮಯ. ಒಂದು ಕಡೆ ಒಂದು ಗಂಟೆಯ ರನ್, ಇನ್ನೊಂದು ಕಡೆ ಎರಡು ಗಂಟೆಯದು. ಇದು ನಮ್ಮ ಟೈಮ್‌ಝೋನ್ ತಲೆನೋವೇ. ಅದಕ್ಕೆ 2012ರಿಂದ ಐಆರ್‌ಟಿ ಇದೆ: ಗೊತ್ತಿರುವ 11 ಪೆಪ್ಟೈಡುಗಳನ್ನು ಪ್ರತಿ ಸ್ಯಾಂಪಲ್‌ಗೂ ಬೆರೆಸೋದು, ಒಂದಕ್ಕೆ 0, ಇನ್ನೊಂದಕ್ಕೆ 100 ಅಂತ ಇಟ್ಟು ಮಿಕ್ಕೆಲ್ಲವನ್ನೂ ಆ ಅಳತೆಗೆ ತರೋದು. ಇವೆರಡನ್ನೂ ಸರಿಮಾಡಿದೆ, ಖುಷಿಪಟ್ಟೆ. ಮೂರನೇದು ನನಗೆ ಕಾಣಲೇ ಇಲ್ಲ.

ಹೆಸರಿಡುವಾಗ ಎಷ್ಟು ತಪ್ಪಾಗಿದೆ ಅಂತ ತಿಳಿಯೋದು ಹೇಗೆ? ನಮ್ಮ ಕಾಲೇಜಿನ ಪ್ರಾಕ್ಸಿ ಹಾಜರಿ ನೆನಪಿದೆಯಲ್ಲ? ರಿಜಿಸ್ಟರಿನಲ್ಲಿ ಕ್ಲಾಸಲ್ಲಿ ಇಲ್ಲದ ಕೆಲವು ಸುಳ್ಳು ಹೆಸರು ಸೇರಿಸಿ ಕೂಗಿ ನೋಡಿ. ಅವಕ್ಕೂ ‘ಯೆಸ್ ಸಾರ್’ ಬಂದರೆ ಪ್ರಾಕ್ಸಿ ಎಷ್ಟಿದೆ ಅನ್ನೋ ಅಂದಾಜು ಸಿಗುತ್ತದೆ. ಇಲ್ಲೂ ಪೆಪ್ಟೈಡ್ ಅನುಕ್ರಮಗಳನ್ನು ಹಿಂದುಮುಂದು ಮಾಡಿ ಸುಳ್ಳು ಹೆಸರು ಸೇರಿಸ್ತಾರೆ, ಅವೇ ಡಿಕಾಯ್. ಅದರ ಲೆಕ್ಕದಲ್ಲಿ ನೂರಕ್ಕೆ ಒಂದು ತಪ್ಪಿಗೆ ಮಿತಿ ಹಾಕ್ತಾರೆ.

ಹತ್ತು ಲೈಬ್ರರಿ ಇವೆ ಅಂದುಕೊಳ್ಳಿ, ಪ್ರತಿಯೊಂದರಲ್ಲೂ 10,000 ಪೆಪ್ಟೈಡ್, 100 ತಪ್ಪು. ಸರಿಯಾದವು ಎಲ್ಲ ಕಡೆ ಮತ್ತೆ ಮತ್ತೆ ಅವೇ ಬರುತ್ತವೆ. ಸೇರಿಸಿದರೆ 14,000 ಆಗಬಹುದು, ಅಷ್ಟೇ. ತಪ್ಪುಗಳು ಹಾಗಲ್ಲ, ಒಂದೊಂದು ಕಡೆ ಒಂದೊಂದು ಥರ. ಸೇರಿಸಿದರೆ ಹೆಚ್ಚುಕಡಿಮೆ 1,000. ಅಂದ್ರೆ 15,000ದಲ್ಲಿ 1,000 ತಪ್ಪು, ಶೇಕಡ 6ಕ್ಕೂ ಮೇಲೆ. ಫೈಲುಗಳು ಒಂದೊಂದೂ ಶುದ್ಧ, ಸೇರಿಸಿದ್ದು ಕಲಬೆರಕೆ.

ಇನ್ನೂ ಕೆಟ್ಟ ಸಂಗತಿ ಅಂದ್ರೆ ಮುಂದಿನ ಹಂತದ ಪರೀಕ್ಷೆ ಇದನ್ನು ಹಿಡಿಯೋದಿಲ್ಲ. ಆ ಸ್ಪೆಕ್ಟ್ರಮ್ ನಿಜವಾದದ್ದೇ. ಫೋನಿನಲ್ಲಿ ‘ಪ್ಲಂಬರ್’ ಅಂತ ಯಾರದೋ ನಂಬರ್ ಸೇವ್ ಮಾಡಿದ ಹಾಗೆ. ಕರೆ ಮಾಡಿದಾಗೆಲ್ಲ ಯಾರೋ ಎತ್ತುತ್ತಾರೆ, ಪ್ರತಿ ಸಲ ಅದೇ ದನಿ, ಸಿಗ್ನಲ್ ಕೂಡ ಸ್ಪಷ್ಟ. ಅವರು ಪ್ಲಂಬರ್ ಅಲ್ಲ, ಅಷ್ಟೇ.

ಇದು ದೊಡ್ಡವರಿಗೂ ತಟ್ಟಿದ ವಿಷಯ. ಐಟಿಪಿಎಲ್‌ನಲ್ಲಿ ಕೆಲಸ ಮಾಡಿದವರು ಡಿಸ್ಕವರರ್ ಬಿಲ್ಡಿಂಗ್ ಮುಂದೆ ಎಷ್ಟೋ ಸಲ ಚಹಾ ಕುಡಿದಿರಬಹುದು. ಅದರಲ್ಲೇ ಅಖಿಲೇಶ್ ಪಾಂಡೆ ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಇರೋದು. ಅವರು ಜಾನ್ಸ್ ಹಾಪ್ಕಿನ್ಸ್ ಜೊತೆ ಸೇರಿ 2014ರ ಮೇನಲ್ಲಿ ‘ನೇಚರ್’ನಲ್ಲಿ ಮಾನವ ಪ್ರೋಟಿಯೋಮಿನ ಕರಡು ನಕ್ಷೆ ಪ್ರಕಟಿಸಿದರು. 30 ಬಗೆಯ ಸ್ಯಾಂಪಲ್, 17,294 ಜೀನುಗಳ ಪ್ರೋಟೀನು. ನಮ್ಮ ವೈಟ್‌ಫೀಲ್ಡಿನಿಂದ! ಅದೇ ಸಂಚಿಕೆಯಲ್ಲಿ ಮ್ಯೂನಿಕ್‌ನ ತಂಡದ ಇನ್ನೊಂದು ನಕ್ಷೆ, ಅದರಲ್ಲಿ ಬೇರೆಯವರ ಸಾರ್ವಜನಿಕ ಡೇಟಾ ಕೂಡ ಬಹಳ ಸೇರಿತ್ತು. ಅದೇ ವರ್ಷ ಮ್ಯಾಡ್ರಿಡ್‌ನ ಸಂಶೋಧಕರು ಎರಡನ್ನೂ ತೆರೆದು ನೋಡಿ ಒಂದು ಸರಳ ಪ್ರಶ್ನೆ ಕೇಳಿದರು: ಮೂಗಿನ ಅಂಗಾಂಶವನ್ನೇ ಪರೀಕ್ಷಿಸದೆ ವಾಸನೆ ಹಿಡಿಯುವ ರಿಸೆಪ್ಟರುಗಳು ಇಷ್ಟೊಂದು ಹೇಗೆ ಬಂದವು? ಬಂದದ್ದು ಹೆಚ್ಚಿನಂಶ ತಪ್ಪು ಹೆಸರುಗಳು. 2015ರಲ್ಲಿ ಮ್ಯೂನಿಕ್‌ನವರೇ ದೊಡ್ಡ ಡೇಟಾದಲ್ಲಿ ಪ್ರೋಟೀನ್ ಮಟ್ಟದ ತಪ್ಪನ್ನು ಲೆಕ್ಕಹಾಕುವ ಹೊಸ ವಿಧಾನದಲ್ಲಿ ಕೈಜೋಡಿಸಿದರು. ನನಗೆ ಅವರ ಮೇಲೆ ಗೌರವ ಹೆಚ್ಚಾಗಿದ್ದು ಅಲ್ಲಿ.

ಇದನ್ನೆಲ್ಲ ನಾನು ಓದಿದ್ದು ಆಮೇಲೆ. ನನ್ನ ಲೈಬ್ರರಿಯಿಂದ ಲ್ಯಾಬಿನವರಿಗೆ ಮೂರು ಮಾರ್ಕರ್ ಸಿಕ್ಕಿದ್ದವು. ರೋಗಿಗಳ ಪ್ಲಾಸ್ಮಾ ಎಷ್ಟು ಇತ್ತೋ ಅಷ್ಟೇ, ಎಷ್ಟೋ ಜನ ಮತ್ತೆ ಬರೋ ಹಾಗಿರಲಿಲ್ಲ. ಅದರಲ್ಲಿ ಅರ್ಧದಷ್ಟನ್ನು ಈ ಮೂರರ ಹಿಂದೆ ಖರ್ಚು ಮಾಡಿದ್ದರು. ಆಗ ಅಲ್ಲಿ ಪಿಎಚ್‌ಡಿ ಮಾಡ್ತಿದ್ದ ಧಾರವಾಡದ ಹುಡುಗಿ ಫೋನ್ ಮಾಡಿದಳು. ‘ಸರ, ಕಣ್ಣಿನ ರೆಟಿನಾದ ಪ್ರೋಟೀನು ರಕ್ತದಾಗ ಎಲ್ಲಿಂದ ಬಂತ್ರೀ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳೇ ಹಟ ಹಿಡಿದು ಆ ಪೆಪ್ಟೈಡನ್ನು ಕೃತಕವಾಗಿ ತಯಾರಿಸಿ ತರಿಸಿ ಓಡಿಸಿದಳು. ನಮ್ಮ ‘ಮಾರ್ಕರ್’ ಬರುತ್ತಿದ್ದ ಜಾಗಕ್ಕಿಂತ ಒಂಬತ್ತು ನಿಮಿಷ ಆಚೆ ಬಂತು. ಬೇರೆಯೇ ಪೆಪ್ಟೈಡ್.

ಮತ್ತೆ ಮೊದಲಿನಿಂದ ಶುರು ಮಾಡಿದೆವು. ಲೈಬ್ರರಿ ಫೈಲುಗಳನ್ನು ಬಿಟ್ಟು ಕಚ್ಚಾ ಡೇಟಾಕ್ಕೇ ಹೋಗಿ, ಎಲ್ಲ ರನ್‌ಗಳನ್ನೂ ಒಂದೇ ಪ್ರೋಟೀನ್ ಪಟ್ಟಿಯ ಮೇಲೆ, ಒಂದೇ ಸೆಟ್ಟಿಂಗ್‌ನಲ್ಲಿ ಸರ್ಚ್ ಮಾಡಿದೆ. ಶೇಕಡ 1ರ ಮಿತಿಯನ್ನು ಒಂದೊಂದು ಫೈಲಿಗೆ ಹಾಕದೆ, ಎಲ್ಲ ಸೇರಿದ ಮೇಲೆ, ಪೆಪ್ಟೈಡಿಗೂ ಪ್ರೋಟೀನಿಗೂ ಬೇರೆ ಬೇರೆಯಾಗಿ ಹಾಕಿದೆ. ಲೈಬ್ರರಿ ಚಿಕ್ಕದಾಯ್ತು. ಪ್ರೊಫೆಸರ್ ಮುಖ ಸಪ್ಪಗಾಯ್ತು. ಮೂರು ಮಾರ್ಕರುಗಳಲ್ಲಿ ಒಂದು ಉಳಿಯಿತು. ಅದನ್ನು ಉಳಿದ ಅರ್ಧ ಪ್ಲಾಸ್ಮಾದಲ್ಲಿ ಈಗ ನೋಡ್ತಿದ್ದಾರೆ. ಸ್ಯಾಂಪಲ್ ಯಾವುದು ಯಾರದು ಅಂತ ನನಗೆ ಗೊತ್ತಿಲ್ಲ, ನಂಬರ್ ಮಾತ್ರ ಕಾಣೋದು.

ಯಾರಾದ್ರೂ ಬ್ಲಿಬ್ ಫೈಲ್ ಮೇಲೆ ಯೂನಿಯನ್ ಬರೆಯೋ ಯೋಚನೆಯಲ್ಲಿದ್ದರೆ ಮೊದಲು ನನಗೊಂದು ಮೆಸೇಜ್ ಹಾಕಿ. ಈಗ ಪ್ರಶ್ನೆಗಳಿದ್ದರೆ ಕೇಳಿ.